ಚಿತ್ರದ ಮೂಲೆಯಲ್ಲಿ ನಿಮ್ಮ ಹೆಸರು

(ಸಂಜೆ ತರಗತಿಯಲ್ಲಿ ಆಡಿದ ಮಾತು. ಮನೆಯಲ್ಲಿ ಓದಿಕೊಳ್ಳಲಿ ಎಂದು ಇಲ್ಲಿ ಬರೆದು ಕೊಟ್ಟಿದೆ.)

ದಿನವೆಲ್ಲ ತೋಟದಲ್ಲಿ ದುಡಿದು ಬಂದಿದ್ದೀರಿ. ಆದರೂ ಪುಸ್ತಕ ಹಿಡಿದು ಕೂತಿದ್ದೀರಿ. ನೋಡಿ ಸಂತೋಷ ಆಗ್ತದೆ. ಇವತ್ತು ಹೊಸ ಪಾಠ ಬೇಡ. ಒಂದು ಚಿತ್ರದ ಕಥೆ ಹೇಳ್ತೀನಿ.

ನಮ್ಮ ಮನೆಗಳ ಮಾತು ಕನ್ನಡ. ಬೀದಿಗೆ ಬಂದರೆ ತಮಿಳು. ಕಂಬಂ, ಗೂಡಲೂರು, ಬೋಡಿ ಕಡೆಯ ಕನ್ನಡದ ಮನೆಗಳಲ್ಲೆಲ್ಲ ಹೀಗೇ. ಕನ್ನಡ ಮಾತು ತಲೆತಲಾಂತರದಿಂದ ನಮ್ಮ ಬಾಯಲ್ಲಿದೆ. ಕನ್ನಡದ ಅಕ್ಷರ ಮಾತ್ರ ಈಗ ಕೈಗೆ ಬರ್ತಾ ಇದೆ.

ನಮ್ಮ ತರಗತಿಯಲ್ಲಿ ಒಬ್ಬ ಅಕ್ಕ ಇದ್ದಾರೆ. ವಯಸ್ಸು ಐವತ್ತರ ಹತ್ತಿರ. ಪನ್ನೀರ್ ದ್ರಾಕ್ಷಿ ತೋಟದಲ್ಲಿ ಕೆಲಸ. ಅವರ ಹೆಸರನ್ನು ನಾನು ಹೇಳುವುದಿಲ್ಲ. ಯಾಕೆ ಎಂದು ಕೊನೆಗೆ ನಿಮಗೇ ತಿಳಿಯುತ್ತದೆ.

ಈ ಅಕ್ಕ ಫೋನಿನಲ್ಲಿ ಚಿತ್ರ ಬರೆಯುತ್ತಾರೆ. ಬಣ್ಣ ಬೇಡ, ಕುಂಚ ಬೇಡ, ಹಾಳೆ ಬೇಡ. ಫೋನೇ ಹಾಳೆ, ಬೆರಳೇ ಕುಂಚ. ಇದಕ್ಕೆ ಡಿಜಿಟಲ್ ಚಿತ್ರ ಎನ್ನುತ್ತಾರೆ. ನಮಗೆ ಇಷ್ಟವಾದವರ ಚಿತ್ರವನ್ನು ಪ್ರೀತಿಯಿಂದ ಬರೆದರೆ ಅದು ಅಭಿಮಾನಿ ಚಿತ್ರ. ಹುಡುಗರು ಇದನ್ನು ಫ್ಯಾನ್ ಆರ್ಟ್ ಅಂತಾರೆ. ಕೆಲವರು ಸಿನಿಮಾ ನಟರನ್ನು ಬರೆಯುತ್ತಾರೆ. ಕೆಲವರು ನಮ್ಮ ಜಿಲ್ಲೆಯ ಪಣ್ಣೈಪುರದಲ್ಲಿ ಹುಟ್ಟಿದ ಇಳಯರಾಜರನ್ನು ಬರೆಯುತ್ತಾರೆ.

ನಮ್ಮ ಅಕ್ಕ ಬರೆದದ್ದು ಯಾರನ್ನು? ಪೆನ್ನಿಕ್ವಿಕ್ ದೊರೆಯನ್ನು.

ಯಾರು ಈ ಪೆನ್ನಿಕ್ವಿಕ್?

ನಿಮಗೆ ಹೇಳಬೇಕಾಗಿಲ್ಲ. ನಮ್ಮ ಕಣಿವೆಯ ಎಷ್ಟೋ ಮನೆಗಳಲ್ಲಿ ದೇವರ ಪಟದ ಪಕ್ಕ ಅವರ ಪಟ ಇದೆ. ಆದರೂ ಇಸವಿಗಳನ್ನು ಓದಿಕೊಳ್ಳಿ.

ಕರ್ನಲ್ ಜಾನ್ ಪೆನ್ನಿಕ್ವಿಕ್ ಬ್ರಿಟಿಷ್ ಇಂಜಿನಿಯರ್. ಹುಟ್ಟಿದ್ದು 1841ರ ಜನವರಿ 15ರಂದು, ಪುಣೆಯಲ್ಲಿ. ಮುಲ್ಲಪೆರಿಯಾರ್ ಅಣೆಕಟ್ಟು ಕಟ್ಟಿಸಿದವರು ಅವರು. ಕೆಲಸ 1887ರಲ್ಲಿ ಶುರುವಾಯಿತು. 1895ರಲ್ಲಿ ಮುಗಿಯಿತು. ನಡುವೆ ಪ್ರವಾಹ ಬಂದು ಕಟ್ಟಿದ್ದು ಕೊಚ್ಚಿ ಹೋಯಿತು. ಕಾಡಿನ ಮಲೇರಿಯಾ ಜ್ವರಕ್ಕೆ ಅನೇಕ ಕೆಲಸಗಾರರು ಸತ್ತರು. ಆದರೂ ಕೆಲಸ ನಿಲ್ಲಲಿಲ್ಲ. ಪಡುವಣ ಕಡಲಿಗೆ ಹೋಗುತ್ತಿದ್ದ ನೀರು ಬೆಟ್ಟದ ಸುರಂಗ ದಾಟಿ ನಮ್ಮ ಕಡೆ ಇಳಿಯಿತು. ವೈಗೈ ನದಿಗೆ ಸೇರಿತು. ಇವತ್ತು ನಮ್ಮ ಗದ್ದೆಗೆ ಬರುವುದು ಆ ನೀರೇ.

ಅದಕ್ಕೇ ನಮ್ಮ ಜನ ಜನವರಿ 15ರಂದು ಅವರ ಹೆಸರಿನಲ್ಲಿ ಪೊಂಗಲ್ ಇಡುತ್ತಾರೆ. ಲೋವರ್ ಕ್ಯಾಂಪಿನಲ್ಲಿ ಅವರ ಮಣಿಮಂಟಪ ಇದೆ. ಅದು ತೆರೆದದ್ದು 2013ರಲ್ಲಿ. ತೇನಿಯ ಬಸ್ ನಿಲ್ದಾಣಕ್ಕೂ ಅವರದೇ ಹೆಸರು.

ಮೊದಲ ಚಿತ್ರ

ಅಕ್ಕನಿಗೆ ಮಗ ಹಳೆಯ ಫೋನು ಕೊಟ್ಟ. ಅದರಲ್ಲಿ ಐಬಿಸ್ ಪೇಂಟ್ ಎಂಬ ಆ್ಯಪ್ ಹಾಕಿಕೊಟ್ಟ. ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ. ನಡುನಡುವೆ ಜಾಹೀರಾತು ಬರುತ್ತದೆ, ಅಷ್ಟೆ.

ಮೊದಮೊದಲು ಅಕ್ಕನ ಕೈಗೆ ಅದು ಬಗ್ಗಲಿಲ್ಲ. ಬೆರಳು ದಪ್ಪ, ಗೆರೆ ಸಣ್ಣ. ಬೆರಳಿಟ್ಟರೆ ಗೆರೆಯೇ ಕಾಣುವುದಿಲ್ಲ! ಬೆವರಿದ ಬೆರಳಿಗೆ ಗೆರೆ ಜಾರುತ್ತದೆ. ಸೆರಗಿನಲ್ಲಿ ಒರೆಸಿಕೊಂಡು ಮತ್ತೆ ಬರೆಯಬೇಕು. ಆಮೇಲೆ ಎರಡು ಬೆರಳಿನಿಂದ ಚಿತ್ರವನ್ನು ದೊಡ್ಡದು ಮಾಡಿಕೊಳ್ಳುವುದು ಕಲಿತರು. ಮಗ ದಿಂಡಿಗಲ್‌ಗೆ ಹೋದಾಗ ರಬ್ಬರ್ ತುದಿಯ ಪೆನ್ನು ತಂದುಕೊಟ್ಟ. ಕೆಲಸ ಹಗುರ ಆಯಿತು.

ಹೀಗೆ ಅಕ್ಕ ಪೆನ್ನಿಕ್ವಿಕ್ ಅವರ ಮುಖ ಬರೆದರು. ಬಂಧುಗಳಿಗೆ ವಾಟ್ಸ್ಯಾಪಿನಲ್ಲಿ ಕಳಿಸಿದರು. ಅವರು ಇನ್ನೊಬ್ಬರಿಗೆ ಕಳಿಸಿದರು. ಆ ವರ್ಷ ಪೊಂಗಲ್‌ಗೆ ಒಂದು ಬೀದಿಯ ಹುಡುಗರು ಫ್ಲೆಕ್ಸ್ ಕಟ್ಟಿದರು. ಅಕ್ಕ ಕೆಲಸಕ್ಕೆ ಹೋಗುವಾಗ ನೋಡುತ್ತಾರೆ, ಅವರದೇ ಚಿತ್ರ! ಕೆಳಗೆ ಹತ್ತು ಹುಡುಗರ ಫೋಟೋ, ಹತ್ತು ಹೆಸರು. ಅಕ್ಕನ ಹೆಸರು ಇಲ್ಲ.

ಅಕ್ಕ ಹುಡುಗರನ್ನು ಕೇಳಿದರು. ಅವರು ಹೇಳಿದರು: "ಯಾರು ಬರೆದದ್ದು ಅಂತ ಗೊತ್ತಿರಲಿಲ್ಲ ಅಕ್ಕಾ. ಚಿತ್ರದ ಮೇಲೆ ಹೆಸರೇ ಇರಲಿಲ್ಲವಲ್ಲ."

ಹುಡುಗರು ಹೇಳಿದ್ದು ಸುಳ್ಳಲ್ಲ. ಅಕ್ಕ ಹೆಸರು ಬರೆದಿರಲಿಲ್ಲ. ಯಾಕೆ? ಆಗ ಅವರಿಗೆ ಹೆಸರು ಬರೆಯಲು ಬರುತ್ತಿರಲಿಲ್ಲ. ಮಗನ ಕೈಲಿ ಬರೆಸಲು ನಾಚಿಕೆ.

ಅದೇ ವಾರ ಅವರು ನಮ್ಮ ತರಗತಿಗೆ ಬಂದರು. ಬಾಗಿಲಲ್ಲೇ ನಿಂತು ಕೇಳಿದರು: "ಮೇಡಂ, ಅ ಆ ಇ ಈ ಆಮೇಲೆ ಕಲೀತೀನಿ. ಮೊದಲು ನನ್ನ ಹೆಸರು ಕಲಿಸ್ತೀರಾ?"

ನಾನು ಹೂಂ ಅಂದೆ. ಅವತ್ತೇ ಶುರು ಮಾಡಿದೆವು.

ಎರಡನೇ ಚಿತ್ರ ಬರೆದ ಬಗೆ

ಹೆಸರು ಕಲಿತ ಮೇಲೆ ಅಕ್ಕ ಅದೇ ಚಿತ್ರವನ್ನು ಹೊಸದಾಗಿ ಬರೆದರು. ನಾನು ಪಕ್ಕದಲ್ಲಿ ಕೂತು ನೋಡಿದೆ. ನೀವೂ ಬರೆಯಬಹುದು. ಬಗೆ ಹೀಗಿದೆ.

ಒಂದು: ನೋಡುವುದು. ಅಕ್ಕ ಕೂಡಲೇ ಬರೆಯಲು ಹೋಗಲಿಲ್ಲ. ಪೆನ್ನಿಕ್ವಿಕ್ ಅವರ ಹಳೆಯ ಫೋಟೋ ನೋಡಿದರು. ಮಣಿಮಂಟಪಕ್ಕೆ ಹೋಗಿ ಪ್ರತಿಮೆಯನ್ನು ಎದುರಿನಿಂದ, ಪಕ್ಕದಿಂದ ನೋಡಿದರು. ಮೀಸೆ ಯಾವ ಕಡೆ ಬಾಗಿದೆ? ಹುಬ್ಬು ಎಷ್ಟು ದಪ್ಪ? ಇದನ್ನೆಲ್ಲ ಮನಸ್ಸಿಗೆ ಹಾಕಿಕೊಂಡರು.

ಎರಡು: ಹಾಳೆಯ ಅಳತೆ. ಹೊಸ ಚಿತ್ರ ತೆರೆಯುವಾಗ ಆ್ಯಪ್ ಅಳತೆ ಕೇಳುತ್ತದೆ. ದೊಡ್ಡದಾಗಿ ಅಚ್ಚು ಹಾಕಿಸುವುದಾದರೆ ದೊಡ್ಡ ಅಳತೆಯನ್ನೇ ಆರಿಸಿ. ಚಿಕ್ಕ ಚಿತ್ರವನ್ನು ಹಿಗ್ಗಿಸಿದರೆ ಮುಖ ಚೌಕ ಚೌಕವಾಗಿ ಒಡೆದು ಕಾಣುತ್ತದೆ.

ಮೂರು: ಚುಕ್ಕಿ ಇಡುವುದು. ಮೊದಲ ಸಲ ಅಕ್ಕ ಫೋಟೋದ ಮೇಲೇ ಗೆರೆ ಎಳೆದಿದ್ದರು. ಮುಖ ಬಂತು, ಜೀವ ಬರಲಿಲ್ಲ. ಈ ಸಲ ರಂಗೋಲಿ ನೆನಪು ಮಾಡಿಕೊಂಡರು. ಫೋಟೋದ ಮೇಲೆ ಸಾಲು ಸಾಲಾಗಿ ಚುಕ್ಕಿ ಇಟ್ಟರು. ಬರೆಯುವ ಜಾಗದಲ್ಲೂ ಅಷ್ಟೇ ಚುಕ್ಕಿ. ಕಣ್ಣು ಯಾವ ಚುಕ್ಕಿಯ ಹತ್ತಿರ? ಮೂಗಿನ ತುದಿ ಯಾವ ಚುಕ್ಕಿಗೆ? ಹಾಗೆ ನೋಡಿ ನೋಡಿ ತಮ್ಮ ಕೈಯಿಂದಲೇ ಗೆರೆ ಎಳೆದರು. ಮೂವತ್ತು ವರ್ಷ ಬಾಗಿಲ ಮುಂದೆ ರಂಗೋಲಿ ಹಾಕಿದ ಕೈ ಅದು. ಗೆರೆ ನಡುಗಲಿಲ್ಲ.

ನಾಲ್ಕು: ಪದರ. ಇದು ಮುಖ್ಯ. ಫೋನಿನ ಚಿತ್ರದಲ್ಲಿ ಒಂದೇ ಹಾಳೆ ಇರುವುದಿಲ್ಲ. ಗಾಜಿನ ಮೇಲೆ ಗಾಜು ಇಟ್ಟ ಹಾಗೆ ಪದರಗಳಿರುತ್ತವೆ. ಒಂದು ಗಾಜಿನ ಮೇಲೆ ಗೆರೆ. ಇನ್ನೊಂದರ ಮೇಲೆ ಬಣ್ಣ. ಮತ್ತೊಂದರ ಮೇಲೆ ಬೆಟ್ಟ. ಮೇಲಿಂದ ನೋಡಿದರೆ ಎಲ್ಲ ಸೇರಿ ಒಂದೇ ಚಿತ್ರ. ಮೊದಲ ಸಲ ಅಕ್ಕ ಎಲ್ಲವನ್ನೂ ಒಂದೇ ಪದರದಲ್ಲಿ ಬರೆದಿದ್ದರು. ಕೋಟಿನ ಬಣ್ಣ ಅಳಿಸಲು ಹೋದರೆ ಗಲ್ಲವೂ ಅಳಿಸಿ ಹೋಗಿತ್ತು! ಈಗ ಬೇರೆ ಬೇರೆ ಪದರ. ಮುಗಿದ ಪದರಕ್ಕೆ ಬೀಗ ಹಾಕುವ ಗುರುತೂ ಅಲ್ಲಿದೆ. ಒತ್ತಿದರೆ ದಿಂಡಿಗಲ್ ಬೀಗದ ಹಾಗೆ ಗಟ್ಟಿ. ಕೈ ತಪ್ಪಿ ಮುಟ್ಟಿದರೂ ಅಳಿಯುವುದಿಲ್ಲ.

ಐದು: ಬಣ್ಣ ತುಂಬುವುದು. ಬಕೆಟ್ಟಿನ ಗುರುತು ಒತ್ತಿ, ಗೆರೆಯ ಒಳಗೆ ಮುಟ್ಟಿದರೆ ಬಣ್ಣ ತಾನೇ ತುಂಬುತ್ತದೆ. ಆದರೆ ಗೆರೆಯಲ್ಲಿ ಒಂದು ಸಣ್ಣ ಸಂದು ಇದ್ದರೂ ಬಣ್ಣ ಹೊರಗೆ ನುಗ್ಗುತ್ತದೆ. ಗದ್ದೆಯ ಬದುವಿನಲ್ಲಿ ಏಡಿ ತೂತು ಮಾಡಿದರೆ ನೀರು ಏನಾಗುತ್ತದೆ? ಹಾಗೇ. ಅಕ್ಕ ನಕ್ಕರು: "ಬದು ಕಟ್ಟೋದು ನಂಗೆ ಯಾರೂ ಹೇಳಿಕೊಡಬೇಕಿಲ್ಲ ಮೇಡಂ." ಸಂದು ಹುಡುಕಿ ಮುಚ್ಚಿದರು. ತಪ್ಪಿದರೆ ಹಿಂದಕ್ಕೆ ಬಾಗಿದ ಬಾಣದ ಗುರುತು ಒತ್ತಿ. ಮಾಡಿದ ತಪ್ಪು ಹೋಗುತ್ತದೆ.

ಆರು: ನೆರಳು, ಬೆಳಕು. ಬೆಳಕು ಯಾವ ಕಡೆಯಿಂದ ಬರುತ್ತದೆ ಎಂದು ಮೊದಲೇ ಗೊತ್ತು ಮಾಡಿಕೊಳ್ಳಿ. ಅಕ್ಕನ ಚಿತ್ರದಲ್ಲಿ ಬೆಳಕು ಎಡಗಡೆಯಿಂದ. ಹಾಗಾಗಿ ಬಲಗೆನ್ನೆ, ಮೂಗಿನ ಬಲಪಕ್ಕ, ಗಲ್ಲದ ಕೆಳಗೆ ನೆರಳು. ನೆರಳಿಗೆ ಬರೀ ಕಪ್ಪು ಹಚ್ಚಬೇಡಿ. ಮುಖ ಮಸಿಯಾಗುತ್ತದೆ. ಮೈಬಣ್ಣಕ್ಕಿಂತ ಸ್ವಲ್ಪ ಗಾಢ ಕಂದು ಸಾಕು. ಕೋಟಿನ ನೆರಳಿಗೆ ಅಕ್ಕ ಹಣ್ಣಾದ ಪನ್ನೀರ್ ದ್ರಾಕ್ಷಿಯ ಬಣ್ಣ ಹಾಕಿದರು. ಮೀಸೆಯನ್ನು ಒಂದೊಂದೇ ಎಳೆಯಾಗಿ, ಕೂದಲು ಬೆಳೆದ ದಿಕ್ಕಿಗೇ ಎಳೆದರು. ಕೊನೆಗೆ ಕಣ್ಣುಗುಡ್ಡೆಯ ಮೇಲೆ ಒಂದು ಬಿಳಿ ಚುಕ್ಕಿ. ಅಷ್ಟಕ್ಕೇ ಕಣ್ಣು ಹೊಳೆಯಿತು.

ಏಳು: ತಿರುಗಿಸಿ ನೋಡುವುದು. ಚಿತ್ರವನ್ನು ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸುವ ಗುರುತು ಇದೆ. ತುಂಬಾ ಹೊತ್ತು ನೋಡಿದ ಕಣ್ಣಿಗೆ ತಪ್ಪು ಕಾಣುವುದಿಲ್ಲ. ತಿರುಗಿಸಿದರೆ ಕೂಡಲೇ ಕಾಣುತ್ತದೆ. ಒಂದು ಕಣ್ಣು ಮೇಲೆ ಹೋಗಿತ್ತು. ಅಕ್ಕ ಸರಿ ಮಾಡಿದರು.

ಎಂಟು: ಹಿನ್ನೆಲೆ. ಇಲ್ಲಿ ಅಕ್ಕ ಸ್ವಲ್ಪ ಹೊತ್ತು ಸುಮ್ಮನೆ ಕೂತರು. ಆಮೇಲೆ ಬೆಟ್ಟ ಬರೆದರು, ಅಣೆಕಟ್ಟು ಬರೆದರು. ಅಣೆಕಟ್ಟಿನ ಮೇಲೆ ಸಣ್ಣ ಸಣ್ಣ ಜನರನ್ನು ಬರೆಯತೊಡಗಿದರು. ತಲೆಯ ಮೇಲೆ ಕಲ್ಲು, ಸುಣ್ಣದ ಬುಟ್ಟಿ. ನಾನು ಕೇಳಿದೆ: "ಇವರು ಯಾರು ಅಕ್ಕಾ?"

ಅಕ್ಕ ಹೇಳಿದರು: "ದೊರೆ ಹೆಸರು ಬಸ್ ಸ್ಟ್ಯಾಂಡಿಗೆ ಇದೆ. ಕಲ್ಲು ಹೊತ್ತವರ ಹೆಸರು ಎಲ್ಲಿದೆ ಮೇಡಂ? ಹೆಸರಿಲ್ಲ ಅಂದ್ರೆ ಮುಖ ಆದ್ರೂ ಇರಲಿ."

ನನಗೆ ಮಾತು ಬರಲಿಲ್ಲ.

ಒಂಬತ್ತು: ಹೆಸರು. ಅಕ್ಕ ಹೊಸ ಪದರ ತೆರೆದರು. ಬಲಗಡೆ ಕೆಳಗಿನ ಮೂಲೆಯಲ್ಲಿ ತಮ್ಮ ಹೆಸರು ಬರೆದರು. ಕನ್ನಡದಲ್ಲಿ. ಒಂದು ಒತ್ತಕ್ಷರ ತಪ್ಪಿತು. ಬಾಣದ ಗುರುತು ಒತ್ತಿ ಮತ್ತೆ ಬರೆದರು. ನಾಲ್ಕನೇ ಸಲಕ್ಕೆ ಸರಿ ಹೋಯಿತು. ಕೆಳಗೆ ಇಸವಿ ಹಾಕಿದರು.

ಹೆಸರು ಯಾಕೆ ಬೇಕು?

ಇನ್ನೊಂದು ಊರಿನ ಮಾತು ಕೇಳಿ. ಕಾಸರಗೋಡು ಗೊತ್ತಲ್ಲ? ಅದು ಕೇರಳದಲ್ಲಿದೆ. ಅಲ್ಲೂ ನಮ್ಮ ಹಾಗೆ ಕನ್ನಡ ಮಾತಾಡುವವರು ಬಹಳ ಜನ. ಆ ಕಡೆಯ ಕಲಾವಿದ ಕರಣ್ ಆಚಾರ್ಯ. 2015ರಲ್ಲಿ ಊರಿನ ಗೆಳೆಯರು ಬಾವುಟಕ್ಕೆ ಒಂದು ಚಿತ್ರ ಕೇಳಿದರು. ಅವರು ಕಂಪ್ಯೂಟರಿನಲ್ಲಿ ಕಪ್ಪು, ಕೇಸರಿ ಬಣ್ಣದ ಹನುಮನ ಮುಖ ಬರೆದುಕೊಟ್ಟರು. ಆ ಚಿತ್ರ ದೇಶವೆಲ್ಲ ಹರಡಿತು. ಕಾರು, ಬೈಕು, ಅಂಗಿ, ಎಲ್ಲದರ ಮೇಲೂ ಅದೇ. ಅಂಟಿಸಿಕೊಂಡ ಎಷ್ಟೋ ಜನರಿಗೆ ಬರೆದವರ ಹೆಸರು ಗೊತ್ತಿಲ್ಲ. ಮಾರಿದವರು ಬೇರೆ, ದುಡ್ಡು ಮಾಡಿದವರು ಬೇರೆ.

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ತೀರಿಕೊಂಡರು. ಆಗ ಕರಣ್ ಇನ್ನೊಂದು ಚಿತ್ರ ಬರೆದರು. ಅಪ್ಪು ಹಿಂದಿನಿಂದ ಬಂದು ಅಪ್ಪ ಡಾ. ರಾಜ್‌ಕುಮಾರ್ ಅವರ ಕಣ್ಣು ಮುಚ್ಚುವ ಚಿತ್ರ. ನೋಡಿದ ಅಭಿಮಾನಿಗಳು ಅತ್ತರು. ಅಭಿಮಾನಿಗಳನ್ನು ದೇವರು ಎಂದು ಕರೆದವರು ಡಾ. ರಾಜ್‌ಕುಮಾರ್. ಅಭಿಮಾನ ಇಟ್ಟು ಬರೆದ ಚಿತ್ರಕ್ಕೆ ಅಷ್ಟು ಶಕ್ತಿ ಇದೆ.

ಕಾನೂನು ಏನು ಹೇಳುತ್ತದೆ? ನಮ್ಮ ದೇಶದಲ್ಲಿ 1957ರ ಕೃತಿಸ್ವಾಮ್ಯ ಕಾಯ್ದೆ ಇದೆ. ನೀವೇ ಬರೆದ ಚಿತ್ರದ ಹಕ್ಕು ಬರೆದ ಗಳಿಗೆಯಿಂದಲೇ ನಿಮ್ಮದು. ಕಚೇರಿಯಲ್ಲಿ ನೋಂದಾಯಿಸಲೇಬೇಕು ಎಂದಿಲ್ಲ. ಆದರೆ ಹೆಸರು ಇದ್ದರೆ "ಇದು ನನ್ನದು" ಎಂದು ಹೇಳುವುದು ಸುಲಭ.

ಅದೇ ನ್ಯಾಯ ಬೇರೆಯವರಿಗೂ ಉಂಟು. ನಿಮ್ಮ ಚಿತ್ರಕ್ಕೆ ಇನ್ನೊಬ್ಬರು ತೆಗೆದ ಫೋಟೋ ಬಳಸಿದರೆ ಅವರ ಹೆಸರನ್ನೂ ಹೇಳಿ. ಮಾರುವುದಾದರೆ ಮೊದಲು ಒಪ್ಪಿಗೆ ಕೇಳಿ.

ಎರಡು ಕಿವಿಮಾತು. ಚಿತ್ರವನ್ನು ಮೊದಲು ಹೆಸರಿನ ಜೊತೆ ಉಳಿಸಿ, ಆಮೇಲೆ ಕಳಿಸಿ. ಪದರಗಳಿರುವ ಮೂಲ ಚಿತ್ರವನ್ನು ಯಾರಿಗೂ ಕೊಡಬೇಡಿ. ನೀವೇ ಬರೆದಿರಿ ಎನ್ನುವುದಕ್ಕೆ ಅದೇ ಸಾಕ್ಷಿ.

ಗೋಡೆಯ ಮೇಲೆ ನೋಡಿ

ಈ ಪೊಂಗಲ್‌ಗೆ ಅದೇ ಹುಡುಗರು ಬಂದು ಅಕ್ಕನ ಹೊಸ ಚಿತ್ರ ಕೇಳಿದರು. ಅಕ್ಕ ಒಂದೇ ಮಾತು ಹೇಳಿದರು: "ಮೂಲೆ ಕತ್ತರಿಸಬೇಡಿ." ಹುಡುಗರು ಕತ್ತರಿಸಲಿಲ್ಲ. ಫ್ಲೆಕ್ಸಿನ ಮುಂದೆ ನಿಂತು ಅಕ್ಕ ತಮ್ಮ ಹೆಸರನ್ನು ತಾವೇ ಓದಿದರು. ಮೊಮ್ಮಗಳಿಗೂ ಓದಿ ಹೇಳಿದರು.

ಅಕ್ಕನ ಹೆಸರು ನಾನು ಯಾಕೆ ಹೇಳಲಿಲ್ಲ, ಈಗ ಗೊತ್ತಾಯಿತೇ? ಆ ಚಿತ್ರದ ಒಂದು ಪ್ರತಿ ನಮ್ಮ ತರಗತಿಯ ಗೋಡೆಯ ಮೇಲಿದೆ. ಎದ್ದು ಹತ್ತಿರ ಹೋಗಿ. ಬಲಗಡೆ ಮೂಲೆ ನೋಡಿ. ಹೆಸರನ್ನು ಅಕ್ಕ ಬರೆದಿದ್ದಾರೆ. ಓದುವುದು ನಿಮ್ಮ ಕೆಲಸ.

ಓದಿ, ಮಾತಾಡಿ, ಬರೆಯಿರಿ

1. ಈ ಪದಗಳನ್ನು ಓದಿ, ಎರಡು ಸಲ ಬರೆಯಿರಿ: ಚಿತ್ರ, ಪದರ, ನೆರಳು, ಅಣೆಕಟ್ಟು, ದ್ರಾಕ್ಷಿ, ಹಕ್ಕು.
2. ಅಣೆಕಟ್ಟಿನ ಕೆಲಸ ಯಾವ ವರ್ಷ ಮುಗಿಯಿತು?
3. ಅಕ್ಕ ಅಣೆಕಟ್ಟಿನ ಮೇಲೆ ಕೆಲಸಗಾರರನ್ನು ಯಾಕೆ ಬರೆದರು? ಜೊತೆಯವರೊಂದಿಗೆ ಮಾತಾಡಿ.
4. ನಿಮಗೆ ಯಾರ ಮೇಲೆ ಅಭಿಮಾನ? ಅವರ ಚಿತ್ರ ಬರೆಯಿರಿ. ಹಾಳೆ ಆದರೂ ಸರಿ, ಫೋನು ಆದರೂ ಸರಿ. ಮೂಲೆಯಲ್ಲಿ ನಿಮ್ಮ ಹೆಸರು ಬರೆಯಲು ಮರೆಯಬೇಡಿ.