ಸ್ವತಂತ್ರ ನಿರ್ದೇಶಕರು ಯಾರಿಂದ ಸ್ವತಂತ್ರರು?

(ಗಿರಣಿ ಕಾರ್ಮಿಕರ ವಾಚನಾಲಯದಲ್ಲಿ ಭಾನುವಾರ ಸಂಜೆ ಮಾಡಿದ ಭಾಷಣದ ಪಾಠ)



ಷೇರು ಪೇಟೆಯ ನಿಯಮಗಳ ಮೇಲೆ ಈ ದಿನ ಭಾಷಣವೆಂದು ತಿಳಿದಾಗ, "ಅದು ಹಣವಂತರ ಜೂಜು, ಅದಕ್ಕೂ ನಮಗೂ ಏನು ಸಂಬಂಧ?" ಎಂದು ತಮ್ಮಲ್ಲಿ ಕೆಲವರು ಕೇಳಿದರಂತೆ. ಕೇಳಬೇಕಾದ ಪ್ರಶ್ನೆಯೇ. ಅದಕ್ಕೆ ಮೊದಲು ಉತ್ತರ ಹೇಳಿಬಿಡುತ್ತೇನೆ. ತಮ್ಮ ಸಂಬಳದಲ್ಲಿ ತಿಂಗಳು ತಿಂಗಳೂ ಮುರಿದುಕೊಳ್ಳುವ ಪ್ರಾವಿಡೆಂಟ್ ಫಂಡಿನ ಹಣವಿದೆಯಲ್ಲ, ಅದಕ್ಕೆ ಹೊಸದಾಗಿ ಸೇರುವ ಮೊತ್ತದ ಒಂದು ಪಾಲು 2015ರ ಆಗಸ್ಟ್‌ನಿಂದ ಷೇರುಗಳಿಗೆ ಹೋಗುತ್ತಿದೆ. ಆರಂಭದಲ್ಲಿ ಅದು ನೂರಕ್ಕೆ 5 ಇತ್ತು. 2017ರಲ್ಲಿ ನೂರಕ್ಕೆ 15 ಆಯಿತು. ಸೆನ್ಸೆಕ್ಸ್, ನಿಫ್ಟಿ ಎಂಬ ಪಟ್ಟಿಗಳಲ್ಲಿರುವ ದೊಡ್ಡ ಕಂಪೆನಿಗಳ ಷೇರುಗಳನ್ನು ಒಟ್ಟಾಗಿ ಕೊಳ್ಳುವ ನಿಧಿಗಳಲ್ಲಿ ಆ ಹಣ ಹೂಡುತ್ತಾರೆ. ತಮ್ಮನ್ನು ಯಾರೂ ಕೇಳಲಿಲ್ಲ. ಆದರೂ ತಾವು ಆ ಕಂಪೆನಿಗಳ ಬಾಗಿಲಿಗೆ ಹೋಗಿಬಿಟ್ಟಿದ್ದೀರಿ. ಇನ್ನು ವರ್ತಕ ಬಂಧುಗಳಲ್ಲಿ ಹತ್ತಿಪ್ಪತ್ತು ಷೇರು ಕೊಂಡಿಟ್ಟವರು ಈ ಸಭೆಯಲ್ಲೇ ಕೂತಿದ್ದಾರೆ. ಅವರ ಮುಖ ನೋಡಿದರೆ ತಿಳಿಯುತ್ತದೆ.

ಸಾವಿರಾರು ಜನರ ಹಣ ಸೇರಿದ ಕಂಪೆನಿಯನ್ನು ಸಾವಿರಾರು ಜನ ನಡೆಸಲಾಗುವುದಿಲ್ಲ. ಆದ್ದರಿಂದ ನಿರ್ದೇಶಕ ಮಂಡಲಿ ಎಂಬುದೊಂದಿದೆ. ಆದರೆ ಮಂಡಲಿಯಲ್ಲಿ ಕಂಪೆನಿ ಕಟ್ಟಿದ ಸಾಹುಕಾರ, ಅವನ ತಮ್ಮ, ಅವನ ಅಳಿಯ ಇವರೇ ತುಂಬಿಕೊಂಡರೆ ಹೊರಗಿನವರ ಹಣಕ್ಕೆ ದಿಕ್ಕು ಯಾರು? ಅದಕ್ಕಾಗಿ 2000ನೆಯ ಇಸವಿಯಲ್ಲಿ ಸೆಬಿ ಸಂಸ್ಥೆಯು ಷೇರು ಪೇಟೆಯ ಒಪ್ಪಂದ ಪತ್ರದಲ್ಲಿ 49ನೆಯ ಕಲಮನ್ನು ಸೇರಿಸಿತು. ಕಂಪೆನಿಯೊಡನೆ ಹಣದ ಸಂಬಂಧವಾಗಲಿ ಮನೆತನದ ಸಂಬಂಧವಾಗಲಿ ಇಲ್ಲದ ಸ್ವತಂತ್ರ ನಿರ್ದೇಶಕರು ಮಂಡಲಿಯಲ್ಲಿ ಮೂರರಲ್ಲೊಂದು ಪಾಲು ಇರಬೇಕು. ಆಡಳಿತ ನಡೆಸುವವನೇ ಅಧ್ಯಕ್ಷನಾದರೆ ಅರ್ಧ ಪಾಲು ಇರಬೇಕು. ಇದು ಅದರ ತಿರುಳು. 2015ರಲ್ಲಿ ಒಪ್ಪಂದದ ಬದಲು ಸೆಬಿಯ ನಿಯಮಾವಳಿಯೇ ಬಂದಿತು, ತಿರುಳು ಹಾಗೆಯೇ ಉಳಿಯಿತು.

ಕಾಗದದ ಮೇಲೆ ಬಹು ಚೆನ್ನಾಗಿದೆ. ಆದರೆ ಹೈದರಾಬಾದಿನಲ್ಲಿ ಏನಾಯಿತು, ನೋಡೋಣ.

ಸತ್ಯಂ ಕಂಪ್ಯೂಟರ್ಸ್ ಎಂಬ ಕಂಪೆನಿ ಸೆನ್ಸೆಕ್ಸ್, ನಿಫ್ಟಿ ಪಟ್ಟಿಗಳೆರಡರಲ್ಲೂ ಇತ್ತು. ನ್ಯೂಯಾರ್ಕಿನ ಪೇಟೆಯಲ್ಲೂ ಅದರ ವಹಿವಾಟು ನಡೆಯುತ್ತಿತ್ತು. ಎಂದರೆ ಅಮೆರಿಕೆಯ ಕಟ್ಟುಪಾಡುಗಳೂ ಅದಕ್ಕೆ ಅನ್ವಯಿಸುತ್ತಿದ್ದವು. ಅದರ ಹೊರಗಿನ ನಿರ್ದೇಶಕರು ಸಾಮಾನ್ಯರೇ? ಹಾರ್ವರ್ಡ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರೊಬ್ಬರು, ಕೇಂದ್ರ ಸರ್ಕಾರದ ಮಾಜಿ ಸಂಪುಟ ಕಾರ್ಯದರ್ಶಿಯೊಬ್ಬರು, ವ್ಯಾಪಾರ ವಿದ್ಯೆ ಕಲಿಸುವ ಹೆಸರಾಂತ ಶಾಲೆಯ ಮುಖ್ಯಸ್ಥರೊಬ್ಬರು. 2008ರಲ್ಲಿ ಒಳ್ಳೆಯ ಆಡಳಿತಕ್ಕೆಂದು ಆ ಕಂಪೆನಿಗೆ ಬಂಗಾರದ ನವಿಲಿನ ಹೆಸರಿನ ಪ್ರಶಸ್ತಿಯೂ ದೊರೆಯಿತು. ಆಮೇಲೆ ಅದನ್ನು ಹಿಂತೆಗೆದುಕೊಂಡರು, ಆ ಮಾತು ಬೇರೆ.

ಅದೇ ವರ್ಷ ಡಿಸೆಂಬರ್ 16ರಂದು ಮಂಡಲಿ ಸೇರಿತು. ಮೇಟಾಸ್ ಎಂಬ ಹೆಸರಿನ ಎರಡು ಕಂಪೆನಿಗಳನ್ನು 160 ಕೋಟಿ ಡಾಲರು ಕೊಟ್ಟು ಕೊಳ್ಳುವ ಪ್ರಸ್ತಾಪ ಮುಂದಿತ್ತು. ಒಂದು ಜಮೀನು ಕಟ್ಟಡಗಳದ್ದು, ಇನ್ನೊಂದು ರಸ್ತೆ ಸೇತುವೆ ಕಟ್ಟುವುದು. ಕಂಪ್ಯೂಟರ್ ಕಂಪೆನಿಗೆ ಇವೇಕೆ? ಸತ್ಯಂ ಎಂಬ ಹೆಸರನ್ನು ಇಂಗ್ಲಿಷಿನಲ್ಲಿ ಬರೆದು ಹಿಂದುಮುಂದಾಗಿ ಓದಿ, ಮೇಟಾಸ್ ಎಂದು ಬರುತ್ತದೆ. ಅವು ಅಧ್ಯಕ್ಷ ರಾಮಲಿಂಗ ರಾಜು ಅವರ ಮನೆತನದವೇ. ಬಲಗಿಸೆಯ ಹಣ ಎಡಗಿಸೆಗೆ ಎನ್ನೋಣವೆಂದರೆ, ಬಲಗಿಸೆಯಲ್ಲಿ ಇದ್ದದ್ದು ಇತರರ ಹಣ. ರಾಜು ಮನೆತನದ ಪಾಲು ಆಗ ನೂರಕ್ಕೆ ಎಂಟರಷ್ಟೂ ಏನೋ! ಸ್ವತಂತ್ರ ನಿರ್ದೇಶಕರು ಒಂದೆರಡು ಪ್ರಶ್ನೆ ಕೇಳಿದ್ದುಂಟು. ಕೊನೆಗೆ ಎಲ್ಲರೂ ಒಮ್ಮತದಿಂದ ಒಪ್ಪಿದರು.

ತಡೆದವರು ಯಾರು, ಗೊತ್ತೆ? ಮಂಡಲಿಯ ತೀರ್ಮಾನವನ್ನು ನಿಯಮದಂತೆ ಷೇರು ಪೇಟೆಗೆ ತಿಳಿಸಲೇಬೇಕಾಯಿತು. ತಿಳಿಸಿದ ಕೂಡಲೇ ಹೊರಗಿನ ಷೇರುದಾರರು ಕೂಗೆಬ್ಬಿಸಿದರು. ನ್ಯೂಯಾರ್ಕಿನಲ್ಲಿ ಆ ರಾತ್ರಿಯೇ ಬೆಲೆ ಅರ್ಧಕ್ಕಿಂತ ಕೆಳಗೆ ಬಿತ್ತು. ಬೆಳಗಾಗುವುದರೊಳಗೆ ರಾಜು ಅವರು ಪ್ರಸ್ತಾಪವನ್ನು ಕೈಬಿಟ್ಟರು. ಪಂಡಿತರಿಂದ ತುಂಬಿದ ಮಂಡಲಿ ಮಾಡದ ಕೆಲಸವನ್ನು ಒಂದು ಪುಟದ ಪ್ರಕಟಣೆ ಮಾಡಿತು. ಈ ದಿನ ನಾನು ತಮಗೆ ಹೇಳಬೇಕೆಂದು ಬಂದದ್ದು ಮುಖ್ಯವಾಗಿ ಇದನ್ನೇ.

ಮೂರು ವಾರದ ಮೇಲೆ, 2009ರ ಜನವರಿ 7ರಂದು, ರಾಜು ಅವರೇ ಪತ್ರ ಬರೆದು ಒಪ್ಪಿಕೊಂಡರು. ಲೆಕ್ಕದಲ್ಲಿ ನಗದು ಮತ್ತು ಬ್ಯಾಂಕ್ ಶಿಲ್ಕು 5,361 ಕೋಟಿ ರೂಪಾಯಿ ಎಂದಿತ್ತು; ಅದರಲ್ಲಿ 5,040 ಕೋಟಿ ಇರಲೇ ಇಲ್ಲ! ಇಲ್ಲದ ಹಣದ ಜಾಗದಲ್ಲಿ ಇರುವ ಜಮೀನನ್ನು ತಂದು ಕೂರಿಸುವುದಕ್ಕಾಗಿಯೇ ಆ ಮೇಟಾಸ್ ವ್ಯವಹಾರ. 179 ರೂಪಾಯಿ ಇದ್ದ ಷೇರು ಆ ಒಂದೇ ದಿನ 40ರ ಆಸುಪಾಸಿಗೆ ಇಳಿಯಿತು. ಸರ್ಕಾರವು ಮಂಡಲಿಯನ್ನು ತೆಗೆದು ತಾನೇ ಹೊಸಬರನ್ನು ನೇಮಿಸಿತು. ರಾಜು ಅವರಿಗೆ 2015ರ ಏಪ್ರಿಲ್‌ನಲ್ಲಿ ಏಳು ವರ್ಷ ಸಜೆಯಾಯಿತು. ಮೇಲ್ಮನವಿಯಲ್ಲಿ ಮರು ತಿಂಗಳೇ ಜಾಮೀನೂ ಆಯಿತು.

ನಮ್ಮ ಪೇಟೆಬೀದಿಯ ಅಂಗಡಿಯವನು ಗುಮಾಸ್ತ ಹೇಳಿದ ಶಿಲ್ಕನ್ನು ಬ್ಯಾಂಕಿನ ಪಾಸ್ ಪುಸ್ತಕದೊಡನೆ ತಾಳೆ ನೋಡದೆ ವರ್ಷದ ಲೆಕ್ಕ ಮುಗಿಸುತ್ತಾನೆಯೆ? ಇಲ್ಲ. ಅಲ್ಲಿ ಜಗತ್ತಿನಲ್ಲೇ ಹೆಸರು ಮಾಡಿದ ಲೆಕ್ಕಪರಿಶೋಧಕರು ಬ್ಯಾಂಕುಗಳನ್ನು ನೇರವಾಗಿ ಕೇಳಿ ಖಚಿತಪಡಿಸಿಕೊಳ್ಳಲಿಲ್ಲ, ಕಂಪೆನಿ ಕೊಟ್ಟ ಕಾಗದವನ್ನು ನಂಬಿದರು. ಅವರ ರುಜು ನೋಡಿ ನಿರ್ದೇಶಕರು ನಂಬಿದರು. ನಿರ್ದೇಶಕರನ್ನು ನೋಡಿ ಪೇಟೆ ನಂಬಿತು.

ನಿರ್ದೇಶಕರೆಲ್ಲ ಕಳ್ಳರೆಂದು ನಾನು ಹೇಳುತ್ತಿಲ್ಲ. ಹಾಗೆ ಹೇಳುವುದು ಸುಲಭ, ತಪ್ಪೂ ಹೌದು. ವರ್ಷಕ್ಕೆ ಕೆಲವು ಸಲ ಬಂದು ಹೋಗುವ ಮನುಷ್ಯನು ಮೇಜಿನ ಮೇಲೆ ಇಟ್ಟ ಕಾಗದವನ್ನಷ್ಟೇ ನೋಡುತ್ತಾನೆ. ಕಾಗದ ಇಡುವವನು ಯಾರು? ಆತನನ್ನು ಕರೆತಂದವನೇ. ಈಗಲೂ ಸ್ವತಂತ್ರ ನಿರ್ದೇಶಕನ ಆಯ್ಕೆಗೆ ಷೇರುದಾರರ ಮತ ಬೇಕು. ಅದು ಷೇರಿಗೊಂದು ಮತ, ನಮ್ಮ ಸಹಕಾರ ಸಂಘದಂತೆ ತಲೆಗೊಂದು ಮತವಲ್ಲ. 2022ರಿಂದ ಆಯ್ಕೆಗೆ ನಾಲ್ಕರಲ್ಲಿ ಮೂರು ಪಾಲು ಮತ ಬೇಕೆಂದು ಬಿಗಿ ಮಾಡಿದ್ದಾರೆ. ಆದರೆ ಕಂಪೆನಿ ಕಟ್ಟಿದವರೇ ನೂರಕ್ಕೆ 75ರ ತನಕ ಷೇರು ಇಟ್ಟುಕೊಳ್ಳಬಹುದು. ಅಷ್ಟು ಇರುವ ಕಡೆ ಈ ಬಿಗಿ ಯಾರಿಗೆ?

ಹಾಗೆಂದು ಏನೂ ಸುಧಾರಿಸಿಲ್ಲವೆನ್ನುವುದೂ ಸರಿಯಲ್ಲ. ತನ್ನ ಷೇರನ್ನು ಸಾಲಕ್ಕೆ ಒತ್ತೆ ಇಟ್ಟಿರುವ ಸಾಹುಕಾರ ಅದನ್ನು ಬಹಿರಂಗಪಡಿಸಬೇಕೆಂಬ ನಿಯಮ ಸತ್ಯಂ ಬಿದ್ದ ತಿಂಗಳಲ್ಲೇ ಬಂದಿತು. ಸಾಹುಕಾರನ ಬಂಧುಗಳೊಡನೆ ಮಾಡುವ ದೊಡ್ಡ ವ್ಯವಹಾರಕ್ಕೆ ಈಗ ಷೇರುದಾರರ ಒಪ್ಪಿಗೆ ಬೇಕು. ಅದರ ಪರವಾಗಿ ಆ ಬಂಧುಗಳು ಮತ ಹಾಕುವಂತಿಲ್ಲ. ಈ ನಿಯಮ ಅಂದು ಇದ್ದಿದ್ದರೆ ಮೇಟಾಸ್ ಪ್ರಸ್ತಾಪ ಷೇರುದಾರರ ಮುಂದೆ ಬರದೆ ಗತಿಯಿರಲಿಲ್ಲ.

ಸಣ್ಣ ಷೇರುದಾರರಿಗೆ ಇನ್ನೊಂದು ದಾರಿ ಕಾಯಿದೆಯಲ್ಲೇ ಇದೆ, ಬಹಳ ಜನರಿಗೆ ಗೊತ್ತಿಲ್ಲ. 2013ರ ಕಂಪೆನಿ ಕಾಯಿದೆಯ 151ನೆಯ ಕಲಮಿನಂತೆ, ಮುಖಬೆಲೆಯಲ್ಲಿ 20,000 ರೂಪಾಯಿ ಮೀರದಷ್ಟು ಷೇರುಳ್ಳವರು ತಮ್ಮದೇ ಒಬ್ಬ ನಿರ್ದೇಶಕನನ್ನು ಆರಿಸಬಹುದು. ಅಂಥ ಸಾವಿರ ಜನ, ಇಲ್ಲವೆ ಅವರಲ್ಲಿ ಹತ್ತರಲ್ಲೊಂದು ಪಾಲು, ಯಾವುದು ಕಡಮೆಯೋ ಅಷ್ಟು ಜನ ನೋಟೀಸು ಕೊಡಬೇಕು. ಕಾಯಿದೆಯ ಭಾಷೆ "ಹೊಂದಬಹುದು" ಎಂದಿದೆ, "ಹೊಂದತಕ್ಕದ್ದು" ಎಂದಿಲ್ಲ. ವಕೀಲರು ಆ ಒಂದು ಪದದ ಮೇಲೆ ವರ್ಷಗಟ್ಟಲೆ ಎಳೆಯಬಹುದು. ಆದರೂ ಸಾವಿರ ಜನ ಸೇರುವುದು ಗಿರಣಿಯವರಿಗೆ ಹೊಸದಲ್ಲ. ಇನ್ನು ಕಾರ್ಮಿಕರು ಉದ್ಯಮದ ಆಡಳಿತದಲ್ಲಿ ಪಾಲುಗೊಳ್ಳಬೇಕೆಂಬ ಮಾತು 1976ರಲ್ಲಿ ರಾಜ್ಯಾಂಗಕ್ಕೇ ಸೇರಿದೆ, 43-ಎ ವಿಧಿಯಾಗಿ. 1990ರಲ್ಲಿ ಅದಕ್ಕೊಂದು ಮಸೂದೆಯೂ ರಾಜ್ಯಸಭೆಗೆ ಬಂದಿತ್ತು, ಕಾಯಿದೆಯಾಗಲಿಲ್ಲ. ಗೋದಾಮು ಖಾಲಿಯೋ ತುಂಬಿದೆಯೋ ಎಂಬುದು ಹಮಾಲಿಗೆ ಗೊತ್ತಿರುವಷ್ಟು ಹಾರ್ವರ್ಡ್ ಪ್ರಾಧ್ಯಾಪಕರಿಗೆ ಗೊತ್ತಿರಲಾರದು.

ಕೊನೆಯದಾಗಿ ಒಂದು ಕೆಲಸದ ಮಾತು. ಷೇರು ಇಟ್ಟುಕೊಂಡವರು ಮುಂದಿನ ಭಾನುವಾರ ಆ ಕಂಪೆನಿಯ ವಾರ್ಷಿಕ ವರದಿಯನ್ನು ತನ್ನಿ. ಮೊದಲ ಪುಟಗಳ ಬಣ್ಣದ ಚಿತ್ರಗಳನ್ನು ಬಿಟ್ಟುಬಿಡೋಣ. ಬಂಧುಗಳೊಡನೆ ನಡೆದ ವ್ಯವಹಾರಗಳ ಪಟ್ಟಿ ಹಿಂದಿನ ಪುಟಗಳಲ್ಲಿ ಸಣ್ಣ ಅಕ್ಷರದಲ್ಲಿರುತ್ತದೆ, ಅದನ್ನು ಓದೋಣ. ಸಾಹುಕಾರನ ಷೇರಿನಲ್ಲಿ ಎಷ್ಟು ಒತ್ತೆ ಬಿದ್ದಿದೆಯೆಂಬುದು ಮೂರು ತಿಂಗಳಿಗೊಮ್ಮೆ ಷೇರು ಪೇಟೆಗೆ ಕೊಡುವ ಪಟ್ಟಿಯಲ್ಲಿ ಸಿಗುತ್ತದೆ. ಸ್ವತಂತ್ರ ನಿರ್ದೇಶಕರು ಯಾರಾದರೂ ಅವಧಿಗೆ ಮೊದಲೇ ಬಿಟ್ಟು ಹೋಗಿದ್ದರೆ ಅವರ ರಾಜೀನಾಮೆ ಪತ್ರವನ್ನು ಕಾರಣಸಹಿತ ಏಳು ದಿನದೊಳಗೆ ಪ್ರಕಟಿಸಬೇಕೆಂದು ನಿಯಮವಿದೆ, ಅದನ್ನೂ ತೆಗೆಸೋಣ. ಇಂಗ್ಲಿಷ್ ಬಾರದವರು ಹಿಂಜರಿಯಬೇಡಿ, ಓದಿ ಹೇಳಲು ನಾನಿರುತ್ತೇನೆ. ಅಂಕಿಗಳನ್ನು ಕೂಡಿ ಕಳೆಯುವುದಕ್ಕೆ ವರ್ತಕ ಬಂಧುಗಳು ಇದ್ದೇ ಇದ್ದಾರೆ.