ಚೌಕಿಯ ಹಿರಿತನ, ರಂಗದ ಹಿರಿತನ



ಅಜ್ಜ-ಮೊಮ್ಮಕ್ಕಳಷ್ಟು ವಯೋಭೇದವುಳ್ಳವರು ಒಂದೇ ಕಾರ್ಯಕ್ಕೆ ಹೆಗಲು ಕೊಡಬೇಕಾದಾಗ ಏಳುವ ಮನಸ್ತಾಪಗಳಿಗೆ ಮುದುಕರ ಹಠವನ್ನೋ ಹುಡುಗರ ಉದ್ಧಟತನವನ್ನೋ ಕಾರಣವಾಗಿ ಹೇಳಿ ಮುಗಿಸುವುದು ವಾಡಿಕೆ; ನನಗಾದರೋ, ಗೌರವ ಬೇರೆ, ಅಧಿಕಾರ ಬೇರೆ ಎಂಬ ವಿವೇಕ ತಪ್ಪಿದೆಡೆಯಲ್ಲಿಯೇ ಕಲಹವು ಮೊಳೆಯುವುದೆಂದು ತೋರುತ್ತದೆ. ಈ ವಿವೇಕವನ್ನು ನಾನು ಕಂಡುದು ಯಾವ ಕಚೇರಿಯಲ್ಲಿಯೂ ಅಲ್ಲ, ಬಡಗುತಿಟ್ಟಿನ ಯಕ್ಷಗಾನ ಮೇಳದಲ್ಲಿ.

ಕೋಡಂಗಿ, ಬಾಲಗೋಪಾಲ ವೇಷಗಳಿಂದ ತೊಡಗಿ ವರ್ಷಾನುವರ್ಷ ಮೇಲೇರಿದ ಕಲಾವಿದನಿಗೆ ಚೌಕಿಯಲ್ಲಿ, ಎಂದರೆ ಬಣ್ಣದ ಮನೆಯಲ್ಲಿ, ಸಲ್ಲುವ ಮರ್ಯಾದೆ ಅಲ್ಪವಾದುದಲ್ಲ. ಆದರೆ ಬಣ್ಣ ಹಚ್ಚಿ, ಗೆಜ್ಜೆ ಕಟ್ಟಿ ರಂಗಕ್ಕೆ ಬಂದೊಡನೆ ಆತನೂ ಪದ್ಯ ಹಾಡಿ ಆಟ ನಡೆಸುವ ಭಾಗವತನ ತಾಳಕ್ಕೆ ಅಧೀನ. ಆ ಭಾಗವತನು ಮೀಸೆ ಚಿಗುರುತ್ತಿರುವ ತರುಣನಾಗಿದ್ದರೂ ಸರಿಯೇ. ಮೇಳದ ಮೊದಲನೆಯ ವೇಷ ಭಾಗವತನೇ ಎಂಬ ಮಾತು ಸುಮ್ಮನೆ ಹುಟ್ಟಿದುದಲ್ಲ.

ಮೇಳವೊಂದು ತಲೆಮಾರಿನಿಂದ ತಲೆಮಾರಿಗೆ ಸಲ್ಲುವಾಗಲೂ ಇದೇ ವಿವೇಕ ಬೇಕು. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಕಟ್ಟಿದ ಇಡಗುಂಜಿ ಮೇಳವು ಮಗ ಶಂಭು ಹೆಗಡೆಯವರಿಗೂ ಅನಂತರ ಮೊಮ್ಮಗ ಶಿವಾನಂದ ಹೆಗಡೆಯವರಿಗೂ ಸಂದಿತು. ಇದನ್ನು ವಂಶದ ಮಹಿಮೆಯೆಂದು ಕೊಂಡಾಡಿ ಸುಮ್ಮನಾಗುವವರುಂಟು. ಆದರೆ ಶಂಭು ಹೆಗಡೆಯವರು ದೆಹಲಿಯಲ್ಲಿ ಮಾಯಾ ರಾವ್ ಅವರ ಬಳಿ ನೃತ್ಯಸಂಯೋಜನೆಯನ್ನು ಅಭ್ಯಸಿಸಿದವರು. ತಂದೆಗೆ ಅಪರಿಚಿತವಾದ ವಿದ್ಯೆಯೊಂದು ಹೀಗೆ ಮನೆಯೊಳಗೆ ಬಂದಾಗ ಅದಕ್ಕೆ ಎಡೆಗೊಡುವ ಔದಾರ್ಯವೂ, ಅದನ್ನು ಪರಂಪರೆಯ ಮೈಗೆ ಒಗ್ಗಿಸುವ ಸಂಯಮವೂ ಕೇವಲ ರಕ್ತಸಂಬಂಧದಿಂದ ಬರುವಂಥವಲ್ಲ.

ಆ ಔದಾರ್ಯ, ಸಂಯಮಗಳೆರಡನ್ನೂ ನಾನು ರಂಗದಲ್ಲಿಯೇ ಕಂಡುದುಂಟು. ಒಂದು ರಾತ್ರಿ ನಾನು ಚೌಕಿಯ ಮೂಲೆಯಲ್ಲಿ ಕುಳಿತಿದ್ದೆ. ಭೀಷ್ಮನ ಪಾತ್ರ ವಹಿಸಲಿದ್ದ, ಅರುವತ್ತು ದಾಟಿದ ವೇಷಧಾರಿಯೊಬ್ಬರು ಮೊಣಕಾಲಿಗೆ ಎಣ್ಣೆ ಸವರಿಕೊಂಡು ಗೆಜ್ಜೆ ಕಟ್ಟಿದರು. ರಂಗದಲ್ಲಿ, ಹಿಂದೆಲ್ಲ ಮಂಡಿ ಹಾಕಿ ಕುಣಿಯುತ್ತಿದ್ದ ಪದ್ಯ ಬಂದಾಗ, ಅವರು ಹಿಮ್ಮೇಳದತ್ತ ಅರೆಕ್ಷಣ ದೃಷ್ಟಿ ಹಾಯಿಸಿದರು, ಅಷ್ಟೇ. ಇಪ್ಪತ್ತೈದರ ಭಾಗವತರು ಲಯವನ್ನು ಇಳಿಸಿ, ಸಾಲೊಂದನ್ನು ಮರಳಿ ಮರಳಿ ಎತ್ತಿಕೊಟ್ಟು, ಕುಣಿತದ ಪದ್ಯವನ್ನು ಅಭಿನಯದ ಪದ್ಯವನ್ನಾಗಿಸಿದರು; ಮದ್ದಳೆಯವನೂ ಬೆರಳನ್ನು ಹಗುರಗೊಳಿಸಿದ. ನೋಡುತ್ತಿದ್ದವರಿಗೆ ಕೊರತೆ ಕಾಣಲಿಲ್ಲ. ಕಂಡುದು ಕಣ್ಣಿನಲ್ಲಿಯೇ ಕುಣಿದ ಭೀಷ್ಮನೊಬ್ಬ. ರಾತ್ರಿಯಿಡೀ ಆ ಹಿರಿಯರು ಹುಡುಗನನ್ನು “ಭಾಗವತರೇ” ಎಂದೇ ಸಂಬೋಧಿಸಿದರು.

ಬೆಳಗಿನ ಜಾವ ಮಂಗಳವಾಯಿತು. ಚೌಕಿಯಲ್ಲಿ ಭಾಗವತರು ಮುಂದೆ ಬಾಗಿ ಕುಳಿತು ಹಿರಿಯರ ಕಾಲಿನ ಗೆಜ್ಜೆ ಬಿಚ್ಚುತ್ತಿದ್ದರು. ಮುಖದ ಬಣ್ಣವನ್ನು ಎಣ್ಣೆಯಿಂದ ಒರಸಿಕೊಳ್ಳುತ್ತ ಹಿರಿಯರೆಂದರು: “ಎರಡನೇ ಪದ್ಯ ಇನ್ನೂ ಸ್ವಲ್ಪ ನಿಧಾನ ಬೇಕಿತ್ತು, ತಮ್ಮಾ.”