ಬಿಗಿಹಿಡಿದ ಉಸಿರು ಬಿಡುವ ಹೊತ್ತು

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಟೆನ್ಷನ್ ಎಂಬ ಮಾತು ಈಗ ಹೊಲದಲ್ಲೂ ಇದೆ, ನಾನು ಕೆಲಸ ಮಾಡುವ ವೈಟ್‌ಫೀಲ್ಡ್‌ನಲ್ಲೂ ಇದೆ. ಟೆನ್ಷನ್ ಬೇಡಪ್ಪಾ ಎನ್ನುವ ನಾವೇ ದುಡ್ಡು ಕೊಟ್ಟು, ನಿದ್ದೆಗೆಟ್ಟು ಅದನ್ನು ಹುಡುಕಿಕೊಂಡು ಹೋಗುತ್ತೇವೆ. ಮ್ಯಾಚ್ ಕೊನೆಯ ಓವರ್‌ವರೆಗೆ ಹೋದರೇನೇ ನಮಗೆ ಮಜಾ. ಯಾಕೆ ಹೀಗೆ?

ದಿನನಿತ್ಯದ ಚಿಂತೆಗೆ ಕೊನೆ ಎಂಬುದಿಲ್ಲ. ಮಳೆ ಯಾವಾಗ ಬರುತ್ತದೆ, ಟೊಮೆಟೊಗೆ ಎಷ್ಟು ರೇಟು ಸಿಗುತ್ತದೆ ಎಂದು ರೈತನಿಗೆ ಗೊತ್ತಿಲ್ಲ. ನಮ್ಮ ಕೆಲಸದಲ್ಲೂ ಒಂದು ರಿಲೀಸ್ ಮುಗಿಯುವಷ್ಟರಲ್ಲಿ ಇನ್ನೊಂದು ತಲೆಯ ಮೇಲಿರುತ್ತದೆ. ಆಟ, ನಾಟಕ ಹಾಗಲ್ಲ, ಅವು ಮುಗಿಯುತ್ತವೆ. ಕುರುಕ್ಷೇತ್ರ ನಾಟಕದಲ್ಲಿ ಭೀಮ ದುರ್ಯೋಧನನ ತೊಡೆ ಮುರಿಯುತ್ತಾನೆಂದು ಎಲ್ಲರಿಗೂ ಗೊತ್ತು. ಆದರೂ ಬೆಳಗಿನ ಜಾವದವರೆಗೆ ಕಂಬಳಿ ಹೊದ್ದು ಕಾಯುತ್ತೇವೆ. ಕಾದು ಉಸಿರು ಬಿಟ್ಟಾಗ ಮನಸ್ಸು ಹಗುರವಾಗುತ್ತದೆ. ದುರಂತ ನಾಟಕ ನೋಡುವವರ ಮನಸ್ಸು ಹೀಗೆ ಹಗುರವಾಗುವುದನ್ನು ಗ್ರೀಸಿನ ಅರಿಸ್ಟಾಟಲ್ ಕೆಥಾರ್ಸಿಸ್ ಎಂದು ಕರೆದ.

ಡಾಲ್ಫ್ ಜಿಲ್‌ಮನ್ ಎಂಬ ಮನೋವಿಜ್ಞಾನಿ ಇದಕ್ಕೆ ಇನ್ನೊಂದು ಮಾತು ಸೇರಿಸಿದರು. ಆತಂಕದಲ್ಲಿ ಏರಿದ ಎದೆಬಡಿತ ಫಲಿತಾಂಶ ಬಂದ ಕೂಡಲೇ ಇಳಿಯುವುದಿಲ್ಲ. ಉಳಿದ ಆ ಆವೇಗವೇ ಸಂತೋಷಕ್ಕೆ ಸೇರಿ ಅದನ್ನು ದೊಡ್ಡದು ಮಾಡುತ್ತದೆ. ಕಾಯುವಿಕೆ ಹೆಚ್ಚಿದಷ್ಟೂ ಬಿಡುಗಡೆಯ ಸುಖ ಹೆಚ್ಚು.

ನಮ್ಮ ಆರ್‌ಸಿಬಿಯನ್ನೇ ನೋಡಿ. 2008ರಲ್ಲಿ ಐಪಿಎಲ್ ಶುರುವಾಯಿತು. 2009, 2011, 2016ರ ಫೈನಲ್‌ಗಳಲ್ಲಿ ಸೋಲು. "ಈ ಸಲ ಕಪ್ ನಮ್ದೇ" ಎಂಬ ಮಾತು ನಗೆಪಾಟಲಾಯಿತು. 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಪಂಜಾಬ್ ತಂಡವನ್ನು 6 ರನ್‌ಗಳಿಂದ ಸೋಲಿಸಿದಾಗ ವಿರಾಟ್ ಕೊಹ್ಲಿ ಕಣ್ಣೀರಿಟ್ಟರು. ಮನೆಮನೆಯಲ್ಲೂ ಜನ ಕಣ್ಣೊರೆಸಿಕೊಂಡರು.

ಮಾರನೆಯ ದಿನ ಏನಾಯಿತೆಂದು ನಿಮಗೆಲ್ಲ ಗೊತ್ತು. ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಹಿಡಿಸುವುದು ಸುಮಾರು 35,000 ಜನ. ಬಂದವರು ಲಕ್ಷಗಟ್ಟಲೆ. ವೈಟ್‌ಫೀಲ್ಡ್‌ನಿಂದ ನೇರಳೆ ಮೆಟ್ರೊ ಹತ್ತಿದರೆ ಕಬ್ಬನ್ ಪಾರ್ಕ್ ನಿಲ್ದಾಣ, ಪಕ್ಕದಲ್ಲೇ ಕ್ರೀಡಾಂಗಣ. ಗೇಟುಗಳ ಬಳಿ ಕಾಲ್ತುಳಿತವಾಗಿ 11 ಜನ ಪ್ರಾಣ ಬಿಟ್ಟರು. ಹೆಚ್ಚಿನವರು ನಮ್ಮ ಮಕ್ಕಳ, ತಮ್ಮ ತಂಗಿಯರ ವಯಸ್ಸಿನವರು. ಖುಷಿಪಡಲು ಬಂದದ್ದು ಅವರ ತಪ್ಪಲ್ಲ. 18 ವರ್ಷ ಕಟ್ಟಿಕೊಂಡ ಆವೇಗ ಒಂದೇ ರಾತ್ರಿಯಲ್ಲಿ ಇಳಿಯುವುದಿಲ್ಲ. ಕೆರೆ ತುಂಬಿದರೆ ನೀರು ಹೋಗಲು ಕೋಡಿ ಬೇಕು. ಇಲ್ಲದಿದ್ದರೆ ಏರಿ ಒಡೆಯುತ್ತದೆ. ಆ ಸಂಜೆ ಅಷ್ಟೊಂದು ಸಂತೋಷಕ್ಕೆ ಯಾರೂ ಕೋಡಿ ಕಟ್ಟಿರಲಿಲ್ಲ.

ನಮ್ಮ ಹಿರಿಯರಿಗೆ ಇದು ತಿಳಿದಿತ್ತು. ನಾಟಕದಲ್ಲಿ ಯುದ್ಧ ಮುಗಿದ ಕೂಡಲೇ ಪರದೆ ಎಳೆದು ಜನರನ್ನು ಎಬ್ಬಿಸುತ್ತಿರಲಿಲ್ಲ, ಮಂಗಳ ಹಾಡುತ್ತಿದ್ದರು. ಅಷ್ಟರಲ್ಲಿ ಮನಸ್ಸು ತಣ್ಣಗಾಗುತ್ತಿತ್ತು. ತೇರು ಎಳೆಯುವಾಗ ಹಗ್ಗ ಹಿಡಿಯುವವರು ನೂರಾರು ಜನ ಇದ್ದರೂ, ಚಕ್ರಕ್ಕೆ ಮರದ ತಡೆ ಕೊಡುವ ಅನುಭವಸ್ಥರು ಪಕ್ಕದಲ್ಲೇ ಇರುತ್ತಾರೆ. ಅವರಿಲ್ಲದೆ ತೇರು ಹೊರಡುವುದಿಲ್ಲ.

ವಿದ್ಯಾರ್ಥಿಗಳೇ, ಎಸ್‌ಎಸ್‌ಎಲ್‌ಸಿ ಫಲಿತಾಂಶದ ದಿನ ಕುಣಿಯಿರಿ, ಅಳು ಬಂದರೆ ಅತ್ತುಬಿಡಿ. ಆದರೆ ಒಬ್ಬರೇ ಇರಬೇಡಿ. ಹಿರಿಯರೇ, ಆ ದಿನ ಮಕ್ಕಳ ಪಕ್ಕದಲ್ಲಿ ತಡೆ ಹಿಡಿದು ನಿಲ್ಲುವವರು ನೀವಾಗಿ. ಹಳೆಯ ವಿದ್ಯಾರ್ಥಿಗಳಾದ ನಾವೂ ನಿಮ್ಮ ಜೊತೆ ನಿಲ್ಲೋಣ.